ಜನರೇಟರಿಗೆ ಮೂರು ಬೆರಳು ವಿಭೂತಿ

ನಮ್ಮ ಮನೆಯಲ್ಲಿ ಜನರೇಟರಿಗೆ ಹೆದರದವರು ಯಾರೂ ಇರಲಿಲ್ಲ. ಹೆದರುತ್ತೇನೆಂದು ಒಪ್ಪಿಕೊಂಡವರೂ ಯಾರೂ ಇರಲಿಲ್ಲ.

ಅದನ್ನು ತಂದದ್ದು ನಮ್ಮ ಅತ್ತೆ ನೀಲಗಂಗಮ್ಮನವರ ಉಸಿರಿಗಾಗಿ. ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದು ಅವರ ಎದೆ ಸೋತುಹೋಗಿತ್ತು. ಗಾಳಿಯಿಂದ ಆಕ್ಸಿಜನ್ ಹಿಂಡಿ ಕೊಡುವ ಮಷೀನೊಂದನ್ನು ಡಾಕ್ಟರು ಮಂಚದ ಪಕ್ಕದಲ್ಲಿ ಇಡಿಸಿದ್ದರು. ಅದರ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಅತ್ತೆ ಮಂಚದ ಮೇಲಿಂದಲೇ ಸಂಸಾರ ನಡೆಸುತ್ತಿದ್ದರು. ಸಾರಿಗೆ ಹುಣಸೆ ಹೆಚ್ಚಾದದ್ದು ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಆದರೆ ಆ ಮಷೀನು ನಡೆಯುವುದು ಕರೆಂಟಿನಿಂದ, ಕರೆಂಟು ಬರುವುದು ಹೋಗುವುದು ಅದರದೇ ಇಷ್ಟ. ಹಾಗಾಗಿ ನಮ್ಮ ಯಜಮಾನರು, ಎಂದರೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಪಾತ್ರೆ ಅಂಗಡಿ ಇಟ್ಟಿರುವ ಗವಿಸಿದ್ದೇಶ್, ಹೊಸಪೇಟೆಗೆ ಹೋಗಿ ಒಂದು ಸಣ್ಣ ಪೆಟ್ರೋಲ್ ಜನರೇಟರ್ ತಂದರು. ಒಬ್ಬರೇ ಎತ್ತಿಕೊಂಡು ಹೋಗಬಹುದು ಎಂದು ಮಾರಿದವನು ಹೇಳಿದ್ದನಂತೆ. ಯಜಮಾನರು ಒಬ್ಬರೇ ಎತ್ತಿದರು. ಆಮೇಲೆ ಅವರ ಸೊಂಟಕ್ಕೆ ಎಣ್ಣೆ ತಿಕ್ಕಿದವಳು ನಾನೊಬ್ಬಳೇ.

ಜನರೇಟರ್ ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಾರ್ಬೊರೇಟರ್, ಚೋಕ್, ಪ್ಲಗ್ ಎಂಬ ಮಾತುಗಳನ್ನು ಮಂತ್ರದಂತೆ ಕಲಿತರು. ಕೊಳಗ ಕೊಳ್ಳಲು ಬಂದವರಿಗೂ ಆಯಿಲ್ ಬದಲಿಸುವ ಕ್ರಮ ಹೇಳಿ ಕಳಿಸುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಚಹಾದಂಗಡಿಯಲ್ಲಿ ಹತ್ತು ಜನರೆದುರು ಹೇಳಿಬಿಟ್ಟರು:

“ನಮ್ಮ ಜನರೇಟರ್ ಚಾಲೂ ಮಾಡಿದ್ನೆಂದ್ರ ಇಡೀ ಓಣಿಗೆ ಕರೆಂಟ್ ಕೊಡ್ತೀನಿ. ಬೇಕಂದ್ರ ಆಚಿ ಓಣ್ಯಾರೂ ಎಳಕೊಳ್ರಿ.”

ಆ ಜನರೇಟರಿಗೆ ಮಿಕ್ಸರ್ ಹಚ್ಚಿದಾಗ ಕಾಯಿ ಚಟ್ನಿ ಅರ್ಧ ರುಬ್ಬುವಷ್ಟರಲ್ಲಿ ನರಳಿ ನಿಂತುಹೋಗಿದ್ದನ್ನು ನೋಡಿದವಳು ನಾನೊಬ್ಬಳೇ. ಹೊರಗೆ ಹೇಳಲಿಲ್ಲ. ಗಂಡಂದಿರ ಕೆಲವು ಗುಟ್ಟುಗಳನ್ನು ಅರ್ಧ ರುಬ್ಬಿದ ಚಟ್ನಿಯ ಜೊತೆಗೇ ನುಂಗಿಬಿಡಬೇಕಾಗುತ್ತದೆ.

ಇನ್ನು ಅದರ ಆರೈಕೆ. ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಗಾಡಿಗೆ, ತಕ್ಕಡಿಗೆ, ಅಂಗಡಿಯ ಬಾಗಿಲಿಗೆ ಪೂಜೆ ಆಗಲೇಬೇಕು. ಜನರೇಟರಿಗೂ ಆಗಬೇಕೆಂದು ತೀರ್ಮಾನವಾಯಿತು. ಯಜಮಾನರು ಅದನ್ನು ಒರೆಸಿ, ಹೂವಿಟ್ಟು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದುಕೊಂಡು ನಿಂತರು. ಆಗ ಒಂದು ದೊಡ್ಡ ಪ್ರಶ್ನೆ ಎದುರಾಯಿತು.

“ಅವ್ವಾ, ಇದಕ್ಕ ಹಣಿ ಎಲ್ಲಿ ಬರ್ತೈತಿ?”

ಅತ್ತೆ ಮಂಚದಿಂದಲೇ ವಿಚಾರಣೆ ನಡೆಸಿದರು. “ಅದು ಎಲ್ಲಿಂದ ಉಣ್ತೈತಿ?”

“ಮ್ಯಾಲಿಂದ. ಟ್ಯಾಂಕಿನ ಮುಚ್ಚಳ ತಗದು ಪೆಟ್ರೋಲ್ ಹಾಕ್ತೀವಿ.”

“ಮತ್ತ ಅದಽ ತಲಿ. ತಲಿ ಇದ್ದಲ್ಲೇ ಹಣಿ. ಹಚ್ಚು. ದಪ್ಪಗ ಹಚ್ಚು. ನನ್ನ ಜೀವ ಅದರಾಗೈತಿ.”

ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಪೆಟ್ರೋಲ್ ಮುಚ್ಚಳದ ಮೇಲೆ ಮೂರು ಬೆರಳು ವಿಭೂತಿ ಬೀಳುತ್ತಿತ್ತು. ಹಳೆಯದನ್ನು ಒರೆಸುವುದು ಪಾಪವೆಂದು ಅದರ ಮೇಲೆಯೇ ಹೊಸದು. ಕರೆಂಟು ಸ್ವಲ್ಪ ಹೊತ್ತು ಹೋಗಿ ಬರುತ್ತಿದ್ದ ದಿನಗಳಲ್ಲಿ ಜನರೇಟರೂ ಸ್ವಲ್ಪ ಹೊತ್ತು ನಡೆದು ಒಳ್ಳೆಯ ಹೆಸರು ಪಡೆಯಿತು. ಎಲ್ಲವೂ ಪೂಜೆಯ ಫಲ ಎಂದುಕೊಂಡೆವು.

ಹಾಗಿರುವಾಗ ನಮ್ಮ ಓಣಿಯ ಹಳೆಯ ತಂತಿ ಬದಲಿಸುತ್ತಾರೆ, ಬೆಳಗಿನಿಂದ ಕೆಲಸ ಮುಗಿಯುವ ತನಕ ಕರೆಂಟು ಇರುವುದಿಲ್ಲ ಎಂದು ಸುದ್ದಿ ಬಂತು. ನನ್ನ ಎದೆ ಧಸಕ್ಕೆಂದಿತು. ಯಜಮಾನರ ಎದೆ ಉಬ್ಬಿತು.

ಕರೆಂಟು ಹೋದ ಕೂಡಲೇ ಅವರು ಅಂಗಳದ ಬೇವಿನ ಮರದ ಕೆಳಗೆ ಜನರೇಟರ್ ಇಟ್ಟು, ವೈರನ್ನು ಕಿಟಕಿಯಿಂದ ಒಳಗೆ ಬಿಟ್ಟು, ಅದನ್ನು ಚಾಲೂ ಮಾಡುವ ಹಗ್ಗ ಹಿಡಿದು ನಿಂತರು. ನೋಡಲು ಓಣಿಯೇ ಸೇರಿತ್ತು. ಎಳೆದರು. ಗುಟುರು ಹಾಕಿತು, ಹತ್ತಲಿಲ್ಲ. ಮತ್ತೆ ಎಳೆದರು. ಹತ್ತಲಿಲ್ಲ.

“ಬೆಚ್ಚಗಾಗ್ಬೇಕು ಅದು,” ಎಂದರು, ಬೆವರು ಒರೆಸಿಕೊಳ್ಳುತ್ತಾ.

ಪೆಟ್ರೋಲ್ ಬಿಡುವ ನಲ್ಲಿಯನ್ನು ಅವರು ತಿರುಗಿಸಿಯೇ ಇರಲಿಲ್ಲ. ಸೆರಗು ಸರಿಮಾಡಿಕೊಳ್ಳುವವಳಂತೆ ಬಗ್ಗಿ ನಾನು ತಿರುಗಿಸಿದೆ. ಮುಂದಿನ ಎಳೆತಕ್ಕೆ ಡಬಡಬ ಎಂದು ಚಾಲೂ ಆಯಿತು. “ನೋಡಿದ್ರಿಲ್ಲೋ!” ಎಂದು ಅವರು ಓಣಿಯ ಕಡೆ ತಿರುಗಿದರು. ಒಳಗೆ ಅತ್ತೆಯ ಮಷೀನು ಗುಂಯ್ ಎಂದಿತು. ನಾನು ಉಸಿರು ಬಿಟ್ಟೆ.

ಆಗ ಲೈನ್‌ಮನ್ ಬೀರಲಿಂಗೇಶ ಬಂದ. ನಮ್ಮ ಮನೆಯೆದುರಿನ ಕಂಬಕ್ಕೆ ಏಣಿ ಆನಿಸಿದವನು ಸದ್ದು ಕೇಳಿ ಏಣಿ ಬಿಟ್ಟು ಅಂಗಳಕ್ಕೇ ಬಂದಿದ್ದ.

“ಸಾವ್ಕಾರ್ರಽ, ಅದನ್ನ ಬಂದ್ ಮಾಡ್ರಿ. ಇಲ್ಲಂದ್ರ ನಾ ಕಂಬ ಹತ್ತೋದಿಲ್ಲ.”

“ಯಾಕಪಾ?”

“ನೀವಽ ಚಾದಂಗಡ್ಯಾಗ ಹೇಳೀರಲ್ರಿ, ಇಡೀ ಓಣಿಗೆ ಕೊಡ್ತೀನಂತ. ನಿಮ್ಮ ಕರೆಂಟು ಹಿಂದಕ್ಕ ಹರಿದು ತಂತಿಗೆ ಬಂತಂದ್ರ ನಾ ಕಂಬದ ಮ್ಯಾಲೇ ಕರಿದ ಮಿರ್ಚಿ ಆಗಿಬಿಡ್ತೀನಿ. ನಂಗ ಸಣ್ಣ ಮಕ್ಕಳದಾವ್ರಿ.”

ಈ ವೈರು ಅವ್ವನ ಮಷೀನಿಗಷ್ಟೇ ಹೋಗುತ್ತದೆ, ಮನೆಯ ವೈರಿಂಗಿಗೂ ಇದಕ್ಕೂ ಸಂಬಂಧವಿಲ್ಲ, ಇದರ ಕೈಯಲ್ಲಿ ಓಣಿ ಬೆಳಗುವುದು ಹೋಗಲಿ ಒಂದು ಚಟ್ನಿಯೂ ಆಗುವುದಿಲ್ಲ ಎಂದು ಯಜಮಾನರು ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಹಾದಂಗಡಿಯ ಹತ್ತೂ ಜನ ಅಲ್ಲೇ ನಿಂತಿದ್ದರು.

“ಹೆದರಬ್ಯಾಡೋ,” ಎಂದರು ಗಂಭೀರವಾಗಿ. “ಕಂಟ್ರೋಲ್ ಎಲ್ಲಾ ನನ್ನ ಕೈಯಾಗೈತಿ.”

ಬೀರಲಿಂಗೇಶ ಆ ಕೈಯನ್ನೊಮ್ಮೆ ನೋಡಿದ. ನಮ್ಮ ಮೀಟರ್ ಬೋರ್ಡಿನ ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡ. ಆದರೂ ಧೈರ್ಯ ಸಾಲದೆ ಹೋಗಿ ಕಟ್ಟೆಯ ಮೇಲೆ ಕೂತ. ಹೀಗೆ, ಜನರೇಟರ್ ನಡೆಯುವ ತನಕ ಅವನು ಕಂಬ ಹತ್ತುವುದಿಲ್ಲ, ಅವನು ಹತ್ತುವ ತನಕ ಕರೆಂಟು ಬರುವುದಿಲ್ಲ, ಕರೆಂಟು ಬರುವ ತನಕ ಜನರೇಟರ್ ನಿಲ್ಲಿಸುವಂತಿಲ್ಲ ಎಂದಾಯಿತು. ಇದರ ನಡುವೆ ಅತ್ತೆಯ ಉಸಿರು ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ ಜನರೇಟರ್ ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ನಿಂತಿತು.

ಒಳಗೆ ಮಷೀನು ಪೀಂ ಎಂದು ಕೂಗಿಕೊಳ್ಳತೊಡಗಿತು. ನಾನು ಓಡಿಹೋಗಿ ಮೂಲೆಯಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರಿಗೆ ನಳಿಕೆ ಸಿಕ್ಕಿಸಿದೆ. ಅದರ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಅದನ್ನು ತುಂಬಿಸಿಕೊಂಡು ಬರುತ್ತೇನೆ ಎಂದು ಯಜಮಾನರು ದಿನಾ ಹೇಳುತ್ತಿದ್ದರು. ಜನರೇಟರ್ ಇರುವಾಗ ಅದ್ಯಾಕೆ ಎಂದೂ ದಿನಾ ಹೇಳುತ್ತಿದ್ದರು.

ಹೊರಗೆ ಸದ್ದು ನಿಂತದ್ದೇ ತಡ ಬೀರಲಿಂಗೇಶ ಲಗುಬಗೆಯಿಂದ ಏಣಿಯ ಮೇಲೆ ಕಾಲಿಟ್ಟ.

“ಏ ಸಿದ್ದಣ್ಣಾ, ಪ್ಲಗ್ ಕಪ್ಪಾಗಿರ್ತೈತಿ ಸರಿ!” ಎನ್ನುತ್ತಾ ಪಕ್ಕದ ಮನೆಯ ಪಾಲಣ್ಣ ಪಂಚೆ ಮೇಲೆ ಕಟ್ಟಿ ಬಂದ. ಪಾಲಣ್ಣ ಕುರಿ ಸಾಕುವವನು, ಕುರಿ ಸಂತೆಗೆ ಓಡಾಡಲು ಒಂದು ಗೂಡ್ಸ್ ಆಟೋ ಇಟ್ಟುಕೊಂಡವನು. ಎಂಜಿನ್ನುಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದಿಲ್ಲ ಎಂಬುದು ಅವನದೇ ಅಭಿಪ್ರಾಯ. ಮೊದಲು ಟ್ಯಾಂಕಿನ ಮುಚ್ಚಳ ತಿರುವಿ ಪೆಟ್ರೋಲ್ ಇದೆಯೇ ಎಂದು ಇಣುಕಿದ. ಮುಚ್ಚಳ ಬಿಚ್ಚುವಾಗ ಸುಂಯ್ ಎಂದು ಸದ್ದಾಯಿತು, ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿ, ಪಂಚೆಯ ತುದಿಯಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

“ಕುರಿ ಹಲ್ಲು ನೋಡಿದಂಗ ಪ್ಲಗ್ ನೋಡ್ಬೇಕು ಸಿದ್ದಣ್ಣ. ವಯಸ್ಸು, ರೋಗ, ಎಲ್ಲಾ ಹೇಳ್ತೈತಿ. ಈಗ ಎಳಿ.”

ಎಳೆದರು. ಡಬಡಬ! ಓಣಿಯವರು ಸಿಳ್ಳೆ ಹೊಡೆದರು. ಬೀರಲಿಂಗೇಶ ಏಣಿಯಿಂದ ಕೆಳಕ್ಕೆ ಹಾರಿದ. ಪಾಲಣ್ಣ ಮೀಸೆಯ ಮೇಲೆ ಕೈಯಾಡಿಸಿ ಚಹಾ ಬೇಕೆಂದ. ನಾನು ಇಟ್ಟ ಚಹಾ ಕುದಿ ಬರುವ ಹೊತ್ತಿಗೆ ಜನರೇಟರ್ ಮತ್ತೆ ಬಿಕ್ಕಿ ನಿಂತಿತು. ಬೀರಲಿಂಗೇಶ ಮತ್ತೆ ಏಣಿಯ ಕಡೆ ಓಡಿದ.

“ಪ್ಲಗ್ಗಿಗೆ ವಯಸ್ಸಾಗೈತಿ,” ಎಂದ ಪಾಲಣ್ಣ, ಚಹಾ ಮಾತ್ರ ಬಿಡದೆ.

ಈ ಹೊತ್ತಿಗೆ ನಮ್ಮ ನಾದಿನಿ ಗಂಗಾಂಬಿಕಾ ಬಂದಿಳಿದರು. ಯಜಮಾನರಿಗೆ ಇವರು ಅಕ್ಕ, ಕೊಟ್ಟದ್ದು ಹರಪನಹಳ್ಳಿಗೆ. ಅಷ್ಟೆಲ್ಲ ಕಂಟ್ರೋಲ್ ಕೈಯಲ್ಲಿದ್ದ ಯಜಮಾನರು ಮುಂಜಾನೆಯೇ ಬಚ್ಚಲಿನಲ್ಲಿ ನಿಂತು ಸಣ್ಣ ದನಿಯಲ್ಲಿ ಫೋನ್ ಮಾಡಿ “ಅಕ್ಕಾ, ಇವತ್ತು ನೀ ಬಂದ್ರ ಛಲೋ” ಎಂದಿದ್ದರಂತೆ. ಅವರು ಬಾಗಿಲಿನಿಂದಲೇ ಅಳುತ್ತಾ ಬಂದರು, ಅವ್ವ ಕೂತಿದ್ದನ್ನು ಕಂಡು ಅಳು ನಿಲ್ಲಿಸಿದರು, ಜನರೇಟರ್ ನಿಂತಿದ್ದನ್ನು ಕಂಡು ಮತ್ತೆ ಶುರು ಮಾಡಿದರು.

“ಇದಕ್ಕೆ ಕಣ್ಣು ಬಿದ್ದೈತೆ ಕಣೋ ಸಿದ್ದು! ಊರಿಗೆಲ್ಲ ಕರೆಂಟ್ ಕೊಡ್ತೀನಿ ಅಂತ ಜಂಬ ಕೊಚ್ಚಿದ್ರೆ ಬೀಳದೆ ಇರುತ್ತಾ? ಪೆಟ್ರೋಲು ಹಳೇದಿರ್ಬೇಕು, ಹೊಸದು ಹಾಕು. ಉಜ್ಜಿನಿಯಿಂದ ತಂದ ವಿಭೂತಿ ನನ್ನ ಹತ್ರ ಐತೆ.”

ಯಜಮಾನರು ಮುಚ್ಚಳ ಬಿಚ್ಚಿ ಕ್ಯಾನಿನಿಂದ ಒಂದಿಷ್ಟು ಪೆಟ್ರೋಲ್ ಸುರಿದು ಮುಚ್ಚಿದರು. ಅದರ ಮೇಲೆ ಗಂಗಾಂಬಿಕಾ ಕಣ್ಣು ಮುಚ್ಚಿಕೊಂಡು ಮೂರು ಬೆರಳು ಎಳೆದರು. ಹಗ್ಗ ಎಳೆದ ಕೂಡಲೇ ಚಾಲೂ!

“ಮರುಳಸಿದ್ದಾ!” ಎಂದು ಉಜ್ಜಿನಿಯ ದೇವರಿಗೆ ಓಣಿಗೆ ಓಣಿಯೇ ಕೈಮುಗಿಯಿತು. ಪಾಲಣ್ಣನ ಪ್ಲಗ್ಗನ್ನು ಎಲ್ಲರೂ ಮರೆತರು. ಏಣಿ ಬಿಟ್ಟು ಮತ್ತೆ ಕಟ್ಟೆಗೆ ಬಂದು ಕೂತಿದ್ದ ಬೀರಲಿಂಗೇಶ ಕೂಡ ಅಲ್ಲಿಂದಲೇ ಕೈಮುಗಿದ, ಕೆಳಗಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಬಿಕ್ಕಿತು. ನಿಂತಿತು.

“ತೆಳ್ಳಗೆ ಹಚ್ಚಿದ್ದೆ ಅಂತ ಕಾಣುತ್ತೆ,” ಎಂದು ಗಂಗಾಂಬಿಕಾ ಮತ್ತೆ ವಿಭೂತಿ ತೇಯಲು ಕೂತರು. ಈ ಸಲ ಅಂಗೈ ತುಂಬ.

ಸಿಲಿಂಡರಿನ ಮುಳ್ಳು ಇಳಿಯುತ್ತಲೇ ಇತ್ತು. ಪಾಲಣ್ಣ ಹೋಗಿ ತನ್ನ ಗೂಡ್ಸ್ ಆಟೋವನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಅದರ ಹಿಂಭಾಗದ ಕುರಿ ಹಿಕ್ಕೆ ಗುಡಿಸಿ ಒಂದು ಗಾದಿ ಹಾಸಿದ್ದ. ಅತ್ತೆ ಕಿಟಕಿಯಿಂದ ಅದನ್ನು ನೋಡಿದರು.

“ಏ ಹುಡುಗಿ,” ಎಂದರು ನನಗೆ. ನನಗೆ ಸೊಸೆ ಬರುವ ವಯಸ್ಸಾದರೂ ಅವರಿಗೆ ನಾನು ಹುಡುಗಿಯೇ. “ಅದ್ಯಾಕ ಬಂತು?”

“ಪಾಲಣ್ಣಂದ್ರೀ ಅತ್ತಿ. ಆಸ್ಪತ್ರಿಗೆ ಹೋಗೂದು ಬಂದ್ರ ಇರ್ಲಿ ಅಂತ.”

“ಕುರಿ ಒಯ್ಯೋ ಗಾಡಿ. ಅದರಾಗ ಹತ್ತಿದ ಕುರಿ ತಿರುಗಿ ಮನಿಗೆ ಬಂದದ್ದು ನೋಡೀಯೇನು ನೀನು?”

ನಗು ಬಂತು, ಬಂದಷ್ಟೇ ಬೇಗ ಹೋಯಿತು. ಯಾಕೆಂದರೆ ಅಷ್ಟು ಹೇಳಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿದಿತ್ತು. ಒಂದು ಬೈಗುಳವನ್ನು ಒಂದೇ ಉಸಿರಿಗೆ ಮೂರು ತಲೆಮಾರಿಗೆ ಮುಟ್ಟಿಸುತ್ತಿದ್ದ ಹೆಂಗಸು. ಆಮೇಲೆ ಹೊರಗೆ ಯಜಮಾನರು ಹಗ್ಗ ಎಳೆಯುತ್ತಲೇ ಇದ್ದರು, ಯಂತ್ರ ಹತ್ತಲಿಲ್ಲ. ಸಿಲಿಂಡರಿನ ಮುಳ್ಳು ಕೆಂಪಿಗೆ ಬಂತು. ಅತ್ತೆಯ ತುಟಿಯ ಅಂಚು ನೇರಳೆ ಹಣ್ಣು ತಿಂದವರಂತೆ ಆಗತೊಡಗಿತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಸುರಿಯಿತು, ವಾಸನೆ ಮನೆಯೆಲ್ಲ ತುಂಬಿತು.

ಹಾಲು ಉಕ್ಕಿದರೂ ನನ್ನ ಅತ್ತೆ ಬೈಯಲಿಲ್ಲ. ಆ ಮನೆಗೆ ಬಂದಾಗಿನಿಂದ ನಾನು ಕೇಳಿಕೊಂಡ ವರ ಅದು. ಅದು ಕೈಗೂಡಿದ ಹೊತ್ತಿನಲ್ಲಿ ನಾನು ಒಲೆ ಆರಿಸಿ ಮಂಚದ ಬಳಿಗೆ ಓಡಿದೆ.

ಅವರು ಕೈಸನ್ನೆ ಮಾಡಿದರು. ಬಗ್ಗಿ ಕಿವಿಗೊಟ್ಟೆ.

“ಮುಚ್ಚಳ...” ಎಂದರು. “ತಗದಾಗ... ಸಪ್ಪಳ... ಕೇಳೀಯಿಲ್ಲೋ?”

“ಹೌದ್ರಿ, ಸುಂಯ್ ಅಂತೈತಿ.”

“ನಾ ಕೆಮ್ಮಿದ ಮ್ಯಾಲೆ... ಉಸಿರೆಳ್ಕೊಂತೀನಲ್ಲ... ಹಂಗ. ಅದು... ತಗದಾಗೆಲ್ಲ ನಡೀತು. ಅದಕ್ಕೂ... ಗಾಳಿ ಇಲ್ಲ.”

ನನಗೆ ಎಣ್ಣೆಯ ಡಬ್ಬಿ ನೆನಪಾಯಿತು. ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಗುಳಗುಳ ಎಂದು ನಿಂತುಬಿಡುತ್ತದೆ. ಆಚೆ ಬದಿಗೆ ಇನ್ನೊಂದು ತೂತು ಬೇಕು, ಗಾಳಿ ಹೋಗಲಿಕ್ಕೆ. ಅಡುಗೆಮನೆಯಲ್ಲಿ ಕೈಯಾಡಿಸಿದ ಎಲ್ಲರಿಗೂ ಗೊತ್ತಿರುವ ಮಾತು. ಪೆಟ್ರೋಲ್ ಟ್ಯಾಂಕಿಗೂ ಗಾಳಿ ಹೋಗಲು ಎಲ್ಲೋ ಒಂದು ತೂತು ಇರಲೇಬೇಕಲ್ಲ?

ಹೊರಗೆ ಓಡಿ ಮುಚ್ಚಳ ತಿರುವಿದೆ. ಸುಂಯ್ ಎಂದಿತು. ಅಂಗೈಯಲ್ಲಿಟ್ಟು ನೋಡಿದೆ. ಒಳಬದಿಯ ನಟ್ಟನಡುವೆ ಸಣ್ಣದೊಂದು ತೂತಿತ್ತು. ಹೊರಬದಿಯಲ್ಲಿ ಇರಲಿಲ್ಲ. ಅಲ್ಲಿ ಅಮಾವಾಸ್ಯೆಗಳ ಮೇಲೆ ಅಮಾವಾಸ್ಯೆ ಕೂತು, ಗಂಗಾಂಬಿಕಾ ಹಚ್ಚಿದ ಹಸಿ ಪದರವೂ ಸೇರಿ, ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದೆ.

“ಅಯ್ಯಯ್ಯೋ!” ಗಂಗಾಂಬಿಕಾ ನನ್ನ ಕೈ ಹಿಡಿದರು. “ಉಜ್ಜಿನಿ ವಿಭೂತಿ ಕೆರೀತಾಳಲ್ಲೋ! ಸಿದ್ದು, ನಿನ್ನ ಹೆಂಡ್ತಿ ಕೈ ಹಿಡಿಯೋ!”

ಯಜಮಾನರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಹಿಡಿಯಲು ಮುಂದೆ ಬಂದರು, ಯಾರನ್ನು ಹಿಡಿಯಬೇಕೆಂದು ತಿಳಿಯದೆ ಬೇವಿನ ಮರ ಹಿಡಿದುಕೊಂಡರು.

ಒಳಗಿನಿಂದ ಟಣ್ ಎಂಬ ಸದ್ದು ಬಂತು. ಕೂಗಲು ಉಸಿರಿಲ್ಲದ ಅತ್ತೆ ಹಿತ್ತಾಳೆ ಲೋಟದಿಂದ ಮಂಚಕ್ಕೆ ಬಡಿಯುತ್ತಿದ್ದರು. ಕಿಟಕಿಯಲ್ಲಿ ಅವರ ಮುಖ ಕಾಣಿಸಿತು. ಕೈಬೆರಳಿನಿಂದ ಗಾಳಿಯಲ್ಲಿ ಕೆರೆದು ತೋರಿಸಿದರು. ಗಂಗಾಂಬಿಕಾ ಕೈ ಬಿಟ್ಟರು. ಆ ಬೆರಳಿಗೆ ಎದುರಾಡಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಕೆರೆದೆ. ಚಕ್ಕೆ ಚಕ್ಕೆಯಾಗಿ ಎದ್ದದ್ದನ್ನು ಗಂಗಾಂಬಿಕಾ ಸೆರಗು ಒಡ್ಡಿ ಹಿಡಿದರು, ಒಂದು ಚೂರೂ ನೆಲಕ್ಕೆ ಬೀಳಗೊಡಲಿಲ್ಲ. ಕೊನೆಗೆ ಪಿನ್ನು ಆಚೆ ತೂರಿತು. ಬಾಯಿಟ್ಟು ಊದಿದೆ, ಗಾಳಿ ಹಾಯಿತು. ಮುಚ್ಚಳ ಹಾಕಿದೆ. ಯಜಮಾನರು ದೇವರ ಹೆಸರು ಹೇಳಲೂ ಹೆದರಿ ಸುಮ್ಮನೆ ಹಗ್ಗ ಎಳೆದರು.

ಡಬಡಬಡಬ!

ಯಾರೂ ಸಿಳ್ಳೆ ಹೊಡೆಯಲಿಲ್ಲ. ಎಲ್ಲರೂ ಅದು ಬಿಕ್ಕುವುದನ್ನೇ ಕಾಯುತ್ತಾ ನಿಂತೆವು. ಪಾಲಣ್ಣ ಮೀಸೆಗೆ ಹೋದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ್ದ. ಚಹಾ ಕುದಿಯುವಷ್ಟು ಹೊತ್ತಾಯಿತು, ಬಿಕ್ಕಲಿಲ್ಲ. ಅನ್ನ ಬೇಯುವಷ್ಟು ಹೊತ್ತಾಯಿತು, ಬಿಕ್ಕಲಿಲ್ಲ. ಒಳಗಿನಿಂದ, ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ ಕೇಳಿಸಿತು:

“ಹಾಲು ಉಕ್ಕಿಸಿ ಎಲ್ಲಿ ಹಾಳಾಗಿ ಹೋಗ್ಯಾಳ ಆಕಿ?”

ನಾನು ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ.

ಆದರೆ ಇಷ್ಟಕ್ಕೇ ಭಯ ಮುಗಿಯಲಿಲ್ಲ. ಕ್ಯಾನಿನಲ್ಲಿ ಪೆಟ್ರೋಲ್ ತಳ ಕಂಡಿತ್ತು. ಜನರೇಟರ್ ಈಗ ನಿಲ್ಲುವುದೇ ಇಲ್ಲವೆಂದು ತಿಳಿದ ಬೀರಲಿಂಗೇಶ ಬುತ್ತಿಯನ್ನೇ ಬಿಚ್ಚಿಕೊಂಡು ಕೂತಿದ್ದ. ಯಜಮಾನರು ಹೋಗಿ ಅವನ ಕಿವಿಯ ಬಳಿ ಏನೋ ಪಿಸುಗುಟ್ಟಿದರು.

“ಏನ್ರೀ? ಈ ಗದ್ದಲದಾಗ ಕೇಳವಲ್ದು! ಜೋರಾಗಿ ಹೇಳ್ರಿ!”

ಚಹಾದಂಗಡಿಯ ಹತ್ತು ಜನ ಹತ್ತಿರ ಬಂದರು. ಯಜಮಾನರು ಒಮ್ಮೆ ಕಿಟಕಿಯ ಕಡೆ ನೋಡಿದರು. ಕಣ್ಣು ಮುಚ್ಚಿದರು. ಆಮೇಲೆ ಹರಾಜು ಕೂಗುವವರಂತೆ ಕೂಗಿದರು:

“ಇದರಿಂದ ಓಣಿಗೆ ಕರೆಂಟ್ ಬರೂದಿಲ್ಲೋ ಮಾರಾಯ! ಮಿಕ್ಸರ್ ಸೈತ ತಿರುಗೂದಿಲ್ಲ! ಒಂದು ಚಟ್ನಿ ರುಬ್ಬಾಕ ಆಗೂದಿಲ್ಲ ಇದರ ಕೈಲಿ! ನಾ ಸುಳ್ಳು ಹೇಳಿದ್ದೆ!”

ಬೀರಲಿಂಗೇಶ ನನ್ನ ಕಡೆ ತಿರುಗಿದ. “ಹೌದೇನ್ರೀ ಯಮ್ಮಾ?”

“ಹೌದಪಾ,” ಎಂದೆ ಕಣ್ಣೊರೆಸಿಕೊಂಡು. “ಕಾಯಿ ಚಟ್ನಿ. ಅರ್ಧಕ್ಕಽ ನಿಂತಿತ್ತು.”

ಅವನಿಗೆ ಸಾವ್ಕಾರರ ಮಾತಿಗಿಂತ ಚಟ್ನಿಯ ಮೇಲೆ ನಂಬಿಕೆ ಬಂತು. ಆದರೂ ವೈರನ್ನು ಕೈಯಿಂದ ಹಿಡಿದುಕೊಂಡು ಜನರೇಟರಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಮಂಚದವರೆಗೆ ಹೋಗಿ, ಅದು ಮಷೀನಿಗಲ್ಲದೆ ಬೇರೆಲ್ಲಿಗೂ ಹೋಗಿಲ್ಲವೆಂದು ನೋಡಿ ಬಂದ. “ಏಳು ಕೋಟಿ, ಏಳು ಕೋಟಿ” ಎಂದು ಮೈಲಾರಲಿಂಗನನ್ನು ನೆನೆಯುತ್ತಾ ಒಂದೊಂದೇ ಮೆಟ್ಟಿಲು ಹತ್ತಿದ. ಕೆಳಗೆ ನಮ್ಮ ಯಜಮಾನರೂ ಅವನ ಜೊತೆ ಸಣ್ಣಗೆ ಅದನ್ನೇ ಹೇಳುತ್ತಿದ್ದರು.

ಹೊತ್ತು ಇಳಿಯುವ ಮುನ್ನ ಕೆಲಸ ಮುಗಿಯಿತು. ಓಣಿಯ ಮನೆಮನೆಗಳಿಂದ ಟಿವಿಯ ಸದ್ದು ಎದ್ದಿತು. ನಮ್ಮ ಮನೆಯಲ್ಲಿ ಮಾತ್ರ ಏನೂ ಇಲ್ಲ. ಯಜಮಾನರ ಮುಖ ಬೂದಿಯಾಯಿತು. ಏಣಿ ಹೆಗಲಿಗೆ ಹಾಕಿಕೊಂಡು ಓಣಿಯ ತುದಿ ಮುಟ್ಟಿದ್ದ ಬೀರಲಿಂಗೇಶನನ್ನು ಪಾಲಣ್ಣ ಬೆನ್ನಟ್ಟಿ ಹಿಡಿದು ತಂದ. ನಮ್ಮ ಫ್ಯೂಜ್ ಅವನ ಜೇಬಿನಲ್ಲೇ ಇತ್ತು.

ಫ್ಯಾನು ತಿರುಗಿತು. ಅತ್ತೆಯ ಮಷೀನಿನ ಪಿನ್ನನ್ನು ಗೋಡೆಯ ಸಾಕೆಟ್ಟಿಗೆ ಹಾಕಿದೆ, ಗುಂಯ್ ಎಂದಿತು. ಎಲ್ಲ ಸರಿಯಾಯಿತು. ಆದರೆ ಜನರೇಟರನ್ನು ಯಾರೂ ಬಂದ್ ಮಾಡಲಿಲ್ಲ. ಮಾಡಿದರೆ ಮತ್ತೆ ಹತ್ತದಿದ್ದರೆ? ಈಗಷ್ಟೇ ಬಂದ ಕರೆಂಟು ಈಗಲೇ ಹೋದರೆ? ಯಾರಿಗೂ ಬೇಡವಾದ ಕರೆಂಟನ್ನು ಹುಟ್ಟಿಸುತ್ತಾ ಅದು ಅಂಗಳದಲ್ಲಿ ಡಬಡಬಿಸುತ್ತಲೇ ಇತ್ತು. ಅದರ ಸುತ್ತ ನಾವು ಬಾಣಂತಿಯ ಕೋಣೆಯ ಮುಂದೆ ಕೂತವರಂತೆ ಕೂತಿದ್ದೆವು.

“ಸಿದ್ದೂ,” ಒಳಗಿನಿಂದ ಅತ್ತೆ ಕೂಗಿದರು. “ಬಂದ್ ಮಾಡದನ್ನ.”

“ಅವ್ವಾ, ಮತ್ತ ಚಾಲೂ ಆಗ್ಲಿಲ್ಲಂದ್ರ?”

“ಅದರ ಗದ್ದಲದಾಗ ನಾ ಉಸಿರಾಡೂದು ನಂಗಽ ಕೇಳವಲ್ದು. ಬಂದ್ ಮಾಡು.”

ಯಜಮಾನರು ಸ್ವಿಚ್ಚಿನ ಮೇಲೆ ಬೆರಳಿಟ್ಟರು, ತೆಗೆದರು. ಅಕ್ಕನ ಮುಖ ನೋಡಿದರು, ಅವರು ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಮುಖ ನೋಡಿದರು. ನಾನು ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.

ಏಕಾಏಕಿ ಬಂದ ಆ ನಿಶ್ಶಬ್ದ ಕಿವಿಗೆ ಹೊಡೆದಂತಾಯಿತು. ನಾವೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ನುಗ್ಗಿದೆವು. ಯಜಮಾನರು, ಗಂಗಾಂಬಿಕಾ, ಪಾಲಣ್ಣ, ಕೈಯಲ್ಲಿ ಇಕ್ಕಳ ಹಿಡಿದ ಬೀರಲಿಂಗೇಶ ಕೂಡ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ನಾವು ಉಸಿರು ಬಿಗಿಹಿಡಿದು ಮಂಚದ ಸುತ್ತ ಬಗ್ಗಿ ಕಿವಿಗೊಟ್ಟೆವು.

ಒಂದು ಕಣ್ಣು ತೆರೆಯಿತು.

“ಏನ್ ಹಂಗ ಬಗ್ಗಿ ನೋಡ್ತೀರಿ? ನಾ ಇನ್ನೂ ಚಾಲೂ ಅದೀನಿ.”